ಮೊದಲ ಬೈಕೇ ಕ್ರೂಸರ್ ಆದರೆ: ಬಳ್ಳಾರಿಯ ಬಿಸಿಲಿಗೂ ರಸ್ತೆಗೂ ಯಾವುದು ಹೊಂದುತ್ತದೆ?

ನಮ್ಮಕ್ಕನ ಮಗಳು ಸಿರುಗುಪ್ಪ ರಸ್ತೆಯ ಕಡೆ ಒಂದು ಹಳ್ಳಿಯಲ್ಲಿ ಟೀಚರ್. ಬಳ್ಳಾರಿಯಿಂದ ದಿನಾ ಹೋಗಿ ಬರುತ್ತಾಳೆ. ಇಷ್ಟು ದಿನ ಸ್ಕೂಟಿಯಲ್ಲೇ ಓಡಾಡಿದಳು. ಹೋದ ಯುಗಾದಿಗೆ ಮನೆಗೆ ಬಂದವಳು ಹೋಳಿಗೆ ತಟ್ಟೆ ಮುಂದಿಟ್ಟುಕೊಂಡೇ ಕೇಳಿದಳು: "ಮಾಮಾ, ಒಂದು ಕ್ರೂಸರ್ ಗಾಡಿ ತಗೋಬೇಕು ಅಂತ ಮಾಡೀನಿ. ಮುನ್ನೂರೈವತ್ತು ಸಿಸಿ ತಗೊಳ್ಳಲೋ, ಆರುನೂರೈವತ್ತು ತಗೊಳ್ಳಲೋ? ನೀವೇ ಹೇಳ್ರಿ."

ಅವಳ ಎತ್ತರ ಐದಡಿ ಎರಡಿಂಚು. ಗೇರ್ ಗಾಡಿ ಓಡಿಸಿದ್ದು ಕಾಲೇಜಲ್ಲಿ ಗೆಳತಿಯ ಬೈಕಿನಲ್ಲಿ ನಾಲ್ಕೈದು ಸಲ, ಅಷ್ಟೇ. ನಾನು ಕ್ರೂಸರ್ ಓಡಿಸುತ್ತಾ ಹನ್ನೆರಡು ವರ್ಷ ಆಯಿತು. ಮೊದಲು ಒಂದು ಹಳೇ ಅವೆಂಜರ್ ಇತ್ತು, ಆಮೇಲೆ 350 ಸಿಸಿ ಗಾಡಿ ಬಂತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾಕಂದ್ರೆ ಇದೇ ಪ್ರಶ್ನೆಯನ್ನು ನಮ್ಮ ಓಣಿಯ ಹುಡುಗರೂ ಕೇಳುತ್ತಾರೆ, ಆಫೀಸಿನಲ್ಲೂ ಕೇಳುತ್ತಾರೆ. ಕೇಳುವವರೆಲ್ಲ ಶುರು ಮಾಡುವುದು ಸಿಸಿಯಿಂದ, ಅಂದರೆ ಎಂಜಿನ್ ಗಾತ್ರದಿಂದ. ನಾನು ಹೇಳುವುದು ಒಂದೇ: ಎಂಜಿನ್ ಬಂದ್ ಇರುವಾಗ ಆ ಗಾಡಿ ನಿಮ್ಮ ಮಾತು ಕೇಳುತ್ತದಾ, ಅದನ್ನು ಮೊದಲು ನೋಡಿ.

ಕ್ರೂಸರ್ ಅಂದರೆ ಯಾವುದು

ಸೀಟು ತಗ್ಗು, ಕಾಲು ಸ್ವಲ್ಪ ಮುಂದಕ್ಕೆ, ಹ್ಯಾಂಡಲ್ ಅಗಲವಾಗಿ ನಮ್ಮ ಕಡೆ ಬಾಗಿರುತ್ತದೆ. ಬೆನ್ನು ನೆಟ್ಟಗೆ ಇಟ್ಟುಕೊಂಡು, ಮನೆಯ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು. ಈ ಲೆಕ್ಕದಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಸೂಪರ್ ಮೀಟಿಯರ್ 650, ಬಜಾಜ್ ಅವೆಂಜರ್, ಕವಾಸಾಕಿ ಎಲಿಮಿನೇಟರ್ ನಿಜವಾದ ಕ್ರೂಸರ್‌ಗಳು. ಜಾವಾ 42 ಬಾಬರ್ ಅದೇ ಜಾತಿಯದು, ಆದರೆ ಒಂಟಿ ಸೀಟಿನದು. ಕ್ಲಾಸಿಕ್ 350, ಹಂಟರ್ 350, ಹೋಂಡಾ ಹೈನೆಸ್ ಸಿಬಿ350 ಇವೆಲ್ಲ ಹಳೇ ಚಂದದ ಮಾಮೂಲಿ ಬೈಕುಗಳು, ಕ್ರೂಸರ್ ಅಲ್ಲ. ಆದರೂ ಶೋರೂಮಿನಲ್ಲಿ ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಬೆಲೆಯೂ ಹತ್ತಿರ. ಹಾಗಾಗಿ ಅವನ್ನೂ ಸೇರಿಸಿಕೊಂಡೇ ಮಾತಾಡುತ್ತೇನೆ.

ತೂಕ, ಎತ್ತರ, ಮತ್ತು ಭತ್ತದ ರಾಶಿ

ಮೊದಲು ನನ್ನದೇ ಒಂದು ಘಟನೆ ಹೇಳಿಬಿಡುತ್ತೇನೆ. ಸಿರುಗುಪ್ಪ ಕಡೆ ಸುಗ್ಗಿ ಬಂತೆಂದರೆ ಅರ್ಧ ರಸ್ತೆಯ ಮೇಲೆ ಭತ್ತ ಹರಡಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಗಂಗಾವತಿ ಕಡೆ, ಸಿಂಧನೂರು ಕಡೆ ಹೋದವರಿಗೂ ಇದು ಗೊತ್ತಿರುತ್ತದೆ. ಒಂದು ಸಂಜೆ ಎದುರಿಗೆ ಟ್ರ್ಯಾಕ್ಟರ್ ಬಂತು. ನಾನು ದಾರಿ ಬಿಡಲು ಭತ್ತದ ಮೇಲೆ ಇಳಿದೆ. ವೇಗ ಹತ್ತು ಹದಿನೈದು ಕಿಲೋಮೀಟರ್ ಇರಬಹುದು, ಅಷ್ಟೇ. ಗಾಡಿ ನಿಲ್ಲಿಸಲು ಮುಂದಿನ ಬ್ರೇಕ್ ಹಿಡಿದೆ. ಕಾಳು ಚಕ್ರದ ಕೆಳಗೆ ಉರುಳಿತು, ಹ್ಯಾಂಡಲ್ ಎಡಕ್ಕೆ ತಿರುಗಿತು. ಎಡಗಾಲು ಊರಿದೆ. ಕಾಲಿನ ಕೆಳಗೂ ಭತ್ತವೇ. 190 ಕೆಜಿ ದಾಟಿದ ಗಾಡಿ ನಿಧಾನಕ್ಕೆ, ತುಂಬ ನಿಧಾನಕ್ಕೆ, ನನ್ನನ್ನು ಕರೆದುಕೊಂಡು ಮಲಗಿತು. ಲೆಗ್ ಗಾರ್ಡ್ ಇದ್ದದ್ದಕ್ಕೆ ಕಾಲು ಉಳಿಯಿತು. ಭತ್ತ ಕಾಯುತ್ತಿದ್ದ ಇಬ್ಬರು ಓಡಿ ಬಂದು ಎತ್ತಿಕೊಟ್ಟರು, ನೀರು ಕೊಟ್ಟರು.

ಅವತ್ತು ಅರ್ಥವಾಗಿದ್ದು ಇಷ್ಟು. ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ಎಂಬತ್ತು ತೊಂಬತ್ತರ ಸ್ಪೀಡಿನಲ್ಲಿ ಅಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಮನೆ ಮುಂದೆ ಹಿಂದಕ್ಕೆ ತಳ್ಳುವಾಗ, ಪೆಟ್ರೋಲ್ ಬಂಕಿನ ಸಾಲಿನಲ್ಲಿ. ಅಲ್ಲಿ ಸಿಸಿ ಕೆಲಸಕ್ಕೆ ಬರುವುದಿಲ್ಲ. ಪಾದ ಪೂರ್ತಿ ನೆಲಕ್ಕೆ ಮುಟ್ಟುವುದು, ತೂಕ ಕೈಗೆ ಸಿಗುವುದು, ಇವೆರಡೇ ಬೇಕಾಗುವುದು.

ಲೆಕ್ಕ ನೋಡಿ. ಅವೆಂಜರ್ 220 ಕ್ರೂಸ್ 163 ಕೆಜಿ, ಸೀಟಿನ ಎತ್ತರ 737 ಮಿಲಿಮೀಟರ್. ಬಾಬರ್ 175 ಕೆಜಿ, 740 ಮಿ.ಮೀ. ಹಂಟರ್ 181 ಕೆಜಿ, 790 ಮಿ.ಮೀ. ಹೈನೆಸ್ ಕೂಡ 181 ಕೆಜಿ, ಸೀಟು 800 ಮಿ.ಮೀ. ಮೀಟಿಯರ್ 350ರ ತೂಕ 191 ಕೆಜಿ, ಸೀಟು 765 ಮಿ.ಮೀ. ಕ್ಲಾಸಿಕ್ 195 ಕೆಜಿ, 805 ಮಿ.ಮೀ. ಸೂಪರ್ ಮೀಟಿಯರ್ 650ರ ಸೀಟು ಬರೀ 740 ಮಿ.ಮೀ., ಆದರೆ ತೂಕ 241 ಕೆಜಿ.

ಕೊನೆಯದನ್ನು ಇನ್ನೊಮ್ಮೆ ಓದಿ. ಸೀಟು ತಗ್ಗು, ಕೂತರೆ ಎರಡೂ ಪಾದ ಆರಾಮಾಗಿ ನೆಲಕ್ಕೆ ಸಿಗುತ್ತವೆ. ಶೋರೂಮಿನ ಟೈಲ್ಸ್ ಮೇಲೆ ಕೂತಾಗ "ಇಷ್ಟೇನಾ" ಅನಿಸುತ್ತದೆ. ತೂಕ ಗೊತ್ತಾಗುವುದು ತಳ್ಳುವಾಗ.

ಅದಕ್ಕೇ ಅವಳಿಗೆ ಮೊದಲು ಮಾಡಿಸಿದ್ದು ಟೆಸ್ಟ್ ರೈಡ್ ಅಲ್ಲ. ಆ ಶೋರೂಮಿನ ಅಂಗಳ ರಸ್ತೆಗಿಂತ ಒಂದು ಗೇಣು ಎತ್ತರ, ನಡುವೆ ಸಣ್ಣ ಇಳಿಜಾರು. ಎಂಜಿನ್ ಬಂದ್ ಮಾಡಿಸಿ, ಗಾಡಿಯನ್ನು ಆ ಇಳಿಜಾರಿನ ಬುಡದಲ್ಲಿ ನಿಲ್ಲಿಸಿ, "ಮೇಲಕ್ಕೆ ತಳ್ಳು ನೋಡೋಣ" ಅಂದೆ. ಮೀಟಿಯರ್ ಪಕ್ಕ ನಿಂತು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಳು, ಟ್ಯಾಂಕಿಗೆ ಸೊಂಟ ಆನಿಸಿದಳು. ಮೊದಲ ಸಲ ಗಾಡಿ ಅಲ್ಲಾಡಲಿಲ್ಲ. ಎರಡನೇ ಸಲ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತಳ್ಳಿದಳು. ಹಣೆಯ ಬೆವರು ಮೂಗಿನ ತುದಿಗೆ ಬಂತು, ಗಾಡಿಯೂ ಮೇಲೆ ಬಂತು. ಆಮೇಲೆ 650. ಅದು ಅರ್ಧ ಇಳಿಜಾರು ಏರಿ ನಿಂತಿತು. ಅವಳು ಮುಂದಿನ ಬ್ರೇಕ್ ಹಿಡಿದು ನನ್ನ ಕಡೆ ನೋಡಿದಳು. "ಮಾಮಾ, ಕೈ ಕೊಡ್ರಿ, ಜಾರಾಕತ್ತೈತೆ." ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು.

ನೀವೂ ಇದನ್ನು ಮಾಡಿ. ಸೇಲ್ಸ್‌ನವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ತಳ್ಳಿದ ಮೇಲೆ ನಿಂತಲ್ಲೇ ಹ್ಯಾಂಡಲ್ ಪೂರ್ತಿ ತಿರುಗಿಸಿ. ಅಗಲ ಹ್ಯಾಂಡಲ್ ಇರುವ ಗಾಡಿಯಲ್ಲಿ ಗಿಡ್ಡ ತೋಳಿನವರಿಗೆ ಆಚೆ ತುದಿ ಕೈಗೆ ಸಿಗದೇ ಹೋಗಬಹುದು. ಆಗ ಯು ಟರ್ನ್ ಹೊಡೆಯುವಾಗ ಬೆನ್ನು ಬಾಗುತ್ತದೆ, ಬ್ಯಾಲೆನ್ಸ್ ಹೋಗುತ್ತದೆ. ಕೌಲ್ ಬಜಾರಿನಂಥ ಕಡೆ ಒಂದೇ ಏಟಿಗೆ ಗಾಡಿ ತಿರುಗಿಸುವುದು ಹಳಬರಿಗೂ ಕಷ್ಟವೇ. ಎರಡು ಚಕ್ರದ ನಡುವಿನ ಅಂತರ ಹಂಟರ್‌ನಲ್ಲಿ 1,370 ಮಿ.ಮೀ., ಮೀಟಿಯರ್‌ನಲ್ಲಿ 1,400, ಸೂಪರ್ ಮೀಟಿಯರ್‌ನಲ್ಲಿ 1,500. ಈ ಉದ್ದ ಹೈವೇಯಲ್ಲಿ ಗಾಡಿಯನ್ನು ನೆಟ್ಟಗೆ ಹಿಡಿದಿಡುತ್ತದೆ, ಓಣಿಯಲ್ಲಿ ಕಾಡುತ್ತದೆ.

ಹಂಪ್ಸ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಊರವರೇ ಮಣ್ಣು ಸಿಮೆಂಟು ಹಾಕಿ ಕಟ್ಟಿದ ಹಂಪುಗಳಿವೆ. ಅವಕ್ಕೆ ಅಳತೆ ಇಲ್ಲ. ಮೀಟಿಯರ್ 350ರ ಹೊಟ್ಟೆ ನೆಲದಿಂದ 170 ಮಿ.ಮೀ. ಮೇಲಿದೆ, ಅವೆಂಜರ್‌ದೂ ಹೆಚ್ಚುಕಡಿಮೆ ಅಷ್ಟೇ. ಸೂಪರ್ ಮೀಟಿಯರ್‌ದು 135 ಮಿ.ಮೀ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅಂಥ ಹಂಪು ಹತ್ತಿಸಿದರೆ ಕೆಳಗಿನಿಂದ ಕರ್ ಅಂತ ಸದ್ದು ಬರುವ ಸಾಧ್ಯತೆ ಜಾಸ್ತಿ. ದಿನಾ ಹಳ್ಳಿ ರಸ್ತೆ ಇರುವವರು ಈ ಒಂದು ಅಂಕಿಯನ್ನು ಮರೆಯಬಾರದು.

ಒಂದೊಂದಾಗಿ ಗಾಡಿಗಳು

ಮೀಟಿಯರ್ 350. ಹಳೇ ಥಂಡರ್‌ಬರ್ಡ್ ಜಾಗಕ್ಕೆ 2020ರ ನವೆಂಬರಿನಲ್ಲಿ ಬಂತು. 349 ಸಿಸಿ ಎಂಜಿನ್, 20.2 ಬಿಎಚ್‌ಪಿ ಶಕ್ತಿ, 27 ಎನ್‌ಎಂ ಟಾರ್ಕ್ (ಎಂಜಿನ್ ಎಳೆಯುವ ಬಲ), ಐದು ಗೇರು. ಕಾಗದದ ಮೇಲೆ ಇದು ದೊಡ್ಡ ಶಕ್ತಿಯಲ್ಲ. ಆದರೆ ಆ ಟಾರ್ಕ್ 4,000 ಆರ್‌ಪಿಎಂಗೇ, ಅಂದರೆ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ ಸಿಗುತ್ತದೆ. ಅಂದರೆ ಕಲಿಯುವವರು ಗೇರ್ ತಪ್ಪಿಸಿದರೂ, ಮೂರನೇ ಗೇರಿನಲ್ಲೇ ಹಂಪ್ ದಾಟಿದರೂ ಎಂಜಿನ್ ಎಳೆದುಕೊಂಡು ಹೋಗುತ್ತದೆ, ಸುಮ್ನೆ ಬಂದ್ ಬೀಳುವುದಿಲ್ಲ. ಮೊದಲ ಗಾಡಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ ಅಂತ ನನಗನಿಸುತ್ತದೆ. ಗೇರನ್ನು ಹಿಮ್ಮಡಿಯಿಂದಲೂ ಒತ್ತಬಹುದು. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಎರಡಕ್ಕೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ). ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. 15 ಲೀಟರ್ ಟ್ಯಾಂಕು. ಲೀಟರಿಗೆ 30ರಿಂದ 35 ಕಿಲೋಮೀಟರ್ ಹಿಡಿದರೂ ಒಮ್ಮೆ ತುಂಬಿಸಿದರೆ ಬಳ್ಳಾರಿಯಿಂದ ಬೆಂಗಳೂರು ಮುಟ್ಟಿ ಇನ್ನೂ ಉಳಿಯುತ್ತದೆ. 2025ರಲ್ಲಿ ಬಂದ ಹೊಸ ಮಾದರಿಯಲ್ಲಿ ಕ್ಲಚ್ ಹಗುರ ಮಾಡಿದ್ದಾರೆ. ದುರ್ಗಮ್ಮ ಗುಡಿ ಹತ್ತಿರದ ಅಂಡರ್‌ಪಾಸಿನಲ್ಲಿ ಸಂಜೆ ಸಿಕ್ಕಿಹಾಕಿಕೊಂಡವರಿಗೆ ಹಗುರ ಕ್ಲಚ್ಚಿನ ಬೆಲೆ ಗೊತ್ತಾಗುತ್ತದೆ. ಹಳೇ ಮಾದರಿ ತಗೊಳ್ಳುವವರು ಈ ವ್ಯತ್ಯಾಸ ಕೈಯಲ್ಲಿ ಹಿಡಿದು ನೋಡಿ.

ಇದರ ಕೊರತೆಯೂ ಇದೆ. 80–90ರಲ್ಲಿ ಗಾಡಿ ಖುಷಿಯಾಗಿರುತ್ತದೆ. ನೂರು ದಾಟಿಸಿದರೆ ಉಸಿರು ಕಟ್ಟಿದಂತೆ ಆಗುತ್ತದೆ. ಕಾಲು ಮುಂದಿರುವುದರಿಂದ ಗುಂಡಿ ಬಂದಾಗ ಎದ್ದು ನಿಲ್ಲಲು ಸುಲಭವಲ್ಲ, ಏಟು ನೇರ ಸೊಂಟಕ್ಕೆ. ಇದು ಎಲ್ಲ ಕ್ರೂಸರ್‌ಗಳ ಸ್ವಭಾವ. ಬೆನ್ನುನೋವು ಇರುವವರು ಅರ್ಧ ಗಂಟೆಯಾದರೂ ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡದೇ ದುಡ್ಡು ಕಟ್ಟಬೇಡಿ.

ಅವೆಂಜರ್. ನನಗೆ ಗಾಡಿ ಕಲಿಸಿದ್ದು ಇದು. ನಮ್ಮ ದೇಶದಲ್ಲಿ ಸಾಮಾನ್ಯ ಸಂಬಳದವರಿಗೆ ಕ್ರೂಸರ್ ಸಿಗುವ ಹಾಗೆ ಮಾಡಿದ್ದೂ ಇದೇ. 2005ರಲ್ಲಿ 180 ಸಿಸಿ, ಆಮೇಲೆ 200, ಆಮೇಲೆ 220 ಅಂತ ಬೆಳೆಯಿತು. ಹಗುರ, ತಗ್ಗು, ಸೀಟು ಅಗಲ. ಹಿಂದೆ ಕೂತವರಿಗೆ ಆನಿಕೊಳ್ಳಲು ದಿಂಬು ಇರುತ್ತದೆ. 19 ಪಿಎಸ್ ಶಕ್ತಿ (ಪಿಎಸ್ ಅಂದರೂ ಹೆಚ್ಚುಕಡಿಮೆ ಬಿಎಚ್‌ಪಿಯೇ), 350ಗಳಿಗೆ ಹತ್ತಿರವೇ. ಟಾರ್ಕ್ ಮಾತ್ರ 17.55 ಎನ್‌ಎಂ, ಹಾಗಾಗಿ ಗೇರ್ ಬದಲಿಸುವ ಕೆಲಸ ಜಾಸ್ತಿ. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಕ್ರೂಸ್ ಮಾದರಿಯಲ್ಲಿ ಕಡ್ಡಿ ಚಕ್ರ, ಟ್ಯೂಬ್ ಟೈರು. ಮೇ ತಿಂಗಳ ಮಧ್ಯಾಹ್ನ ಕುಡತಿನಿ ದಾಟಿದ ಮೇಲೆ ಟ್ಯೂಬ್ ಪಂಕ್ಚರ್ ಆದರೆ ಗಾಡಿ ತಳ್ಳುವುದೇ ಗತಿ. ಟ್ಯೂಬ್‌ಲೆಸ್ ಆದರೆ ಗಾಳಿ ಹಾಕಿಕೊಂಡು ಪಂಕ್ಚರ್ ಅಂಗಡಿವರೆಗೆ ಹೋಗಬಹುದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದು, ಕ್ರೂಸರ್ ಆಸೆ ಇದ್ದರೆ, ಒಳ್ಳೆಯದಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಅವೆಂಜರ್ ತಗೊಳ್ಳಿ. ಎರಡು ವರ್ಷ ಓಡಿಸಿ, ಕೈ ಪಳಗಿಸಿಕೊಳ್ಳಿ. ಯಾವ ಹಳ್ಳಿಯ ಮೆಕ್ಯಾನಿಕ್ ಆದರೂ ಇದರ ಎಂಜಿನ್ ಬಿಚ್ಚುತ್ತಾನೆ.

ಹಂಟರ್ 350. ಮೀಟಿಯರ್‌ದೇ ಎಂಜಿನ್, ಹತ್ತು ಕೆಜಿ ಹಗುರ, 17 ಇಂಚಿನ ಚಕ್ರ. ಊರೊಳಗೆ ಚುರುಕಾಗಿ ತಿರುಗುತ್ತದೆ. ಆದರೆ ಕ್ರೂಸರ್‌ನ ಕೂರುವ ಸುಖ ಇಲ್ಲ, ಹಿಂದಿನ ಸೀಟು ಚಿಕ್ಕದು. ಕಮ್ಮಿ ಬೆಲೆಯ ಮಾದರಿಯಲ್ಲಿ ಕಡ್ಡಿ ಚಕ್ರ, ಹಿಂದೆ ಡ್ರಮ್ ಬ್ರೇಕು ಬರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟು ಅಲಾಯ್ ಚಕ್ರದ್ದೇ ತಗೊಳ್ಳಿ. ಓಡಾಟ ಪೂರ್ತಿ ಬಳ್ಳಾರಿ ಊರೊಳಗೇ ಇದ್ದರೆ ಮೀಟಿಯರ್‌ಗಿಂತ ಇದೇ ಸರಿ.

ಹೈನೆಸ್ ಸಿಬಿ350. ಎಂಜಿನ್ ನುಣುಪು ಅಂದರೆ ಇದೇ. 30 ಎನ್‌ಎಂ ಟಾರ್ಕ್ 3,000 ಆರ್‌ಪಿಎಂಗೇ ಬರುತ್ತದೆ. ಎತ್ತರ ಇರುವವರಿಗೆ ಚೆನ್ನಾಗಿ ಹೊಂದುತ್ತದೆ. ಒಂದು ಮಾತು: ಹೋಂಡಾದ 350 ಗಾಡಿಗಳನ್ನು ಮಾರುವುದು ಬಿಗ್‌ವಿಂಗ್ ಶೋರೂಮುಗಳಲ್ಲಿ. ಸ್ಕೂಟರ್ ಮಾರುವ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನಿಮ್ಮ ಮನೆಗೆ ಹತ್ತಿರದ ಸರ್ವೀಸ್ ಸೆಂಟರ್ ಎಲ್ಲಿದೆ ಅಂತ ಮೊದಲು ಕೇಳಿ, ಆಮೇಲೆ ಬಣ್ಣ ಆರಿಸಿ.

ಜಾವಾ 42 ಬಾಬರ್. ಜಾವಾ ಅಂದಕೂಡಲೇ ನಮ್ಮ ಅಪ್ಪಂದಿರ ಕಾಲದವರ ಮುಖ ಅರಳುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಹೊಸ ಕಂಪನಿಯ ಕೈಯಲ್ಲಿ ಹೆಸರು ಮತ್ತೆ ಬಂತು. ಬಾಬರ್‌ನ 334 ಸಿಸಿ ಎಂಜಿನ್ ಸುಮಾರು 30 ಪಿಎಸ್ ಕೊಡುತ್ತದೆ, ಮೀಟಿಯರ್‌ಗಿಂತ ಚೆನ್ನಾಗಿಯೇ ಓಡುತ್ತದೆ. ನೋಡಲು ತುಂಬ ಚಂದ. ಆದರೆ ಸೀಟು ಒಂದೇ. ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ, ಗೆಳೆಯನನ್ನು ಸ್ಟೇಷನ್ನಿಗೆ ಬಿಡುವುದಿಲ್ಲ ಅನ್ನುವವರು ಯಾರಿದ್ದೀರಿ? ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ಇದನ್ನು ನೋಡಿ.

ಎಲಿಮಿನೇಟರ್ ಬಗ್ಗೆ ಒಂದೆರಡು ಮಾತು ಸಾಕು. 451 ಸಿಸಿ, 45 ಪಿಎಸ್, ತೂಕ 176 ಕೆಜಿ, ಸೀಟು 735 ಮಿ.ಮೀ. ತೂಕ, ಸೀಟಿನ ಎತ್ತರ, ಶಕ್ತಿ ಮೂರನ್ನೂ ಸೇರಿಸಿ ನೋಡಿದರೆ ನನ್ನ ಲೆಕ್ಕದಲ್ಲಿ ಇದು ಮೊದಲ ಸ್ಥಾನಕ್ಕೆ ಬರಬೇಕಿತ್ತು. ಆದರೆ ಬೆಲೆ ಐದು ಲಕ್ಷ ದಾಟುತ್ತದೆ, ಶೋರೂಮುಗಳು ದೊಡ್ಡ ಊರುಗಳಲ್ಲಷ್ಟೇ. ಒಂದು ಲಿವರ್ ಮುರಿದರೂ ವಾರಗಟ್ಟಲೆ ಕಾಯಬೇಕಾದ ಗಾಡಿಯನ್ನು ಕಲಿಯುವವರಿಗೆ ಹೇಗೆ ಹೇಳಲಿ?

ಹಾಗಾದರೆ 650 ಬೇಡವೇ ಬೇಡವಾ?

ಬೇಡ ಅನ್ನುವುದಿಲ್ಲ. ಸೂಪರ್ ಮೀಟಿಯರ್ ಓಡಿಸಿ ಇಳಿದ ಮೇಲೆ ಎರಡು ದಿನ ಅದೇ ಧ್ಯಾನ ಇರುತ್ತದೆ, ಅಷ್ಟು ಸೊಗಸು. 648 ಸಿಸಿ, ಜೋಡಿ ಸಿಲಿಂಡರ್, 47 ಪಿಎಸ್, 52.3 ಎನ್‌ಎಂ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ತೋರಣಗಲ್ಲು ಹತ್ತಿರ ಅದಿರಿನ ಲಾರಿಗಳ ಸಾಲು ಸಿಗುತ್ತದಲ್ಲ, ಅಲ್ಲಿ 650 ಓಡಿಸುವವರು ಕೈ ತಿರುಗಿಸಿದರೆ ಸಾಕು, ಲಾರಿ ಹಿಂದೆ ಉಳಿಯುತ್ತದೆ. ಲಾರಿ ಗಾಳಿ ಹೊಡೆದರೂ ಗಾಡಿ ಅಲುಗಾಡುವುದಿಲ್ಲ. ಇದೇ ಜಾಗದಲ್ಲಿ 350 ಓಡಿಸುವವರು ಲೆಕ್ಕ ಹಾಕಬೇಕು. ಲಾರಿಯಿಂದ ದೂರ ಉಳಿದು, ಮುಂದೆ ರಸ್ತೆ ಪೂರ್ತಿ ಖಾಲಿ ಅಂತ ನೋಡಿ, ಒಂದು ಗೇರ್ ಇಳಿಸಿ, ಆಮೇಲೆ ಹೊರಗೆ ಬರಬೇಕು. ಇಲ್ಲದಿದ್ದರೆ ಅರ್ಧ ಲಾರಿ ದಾಟುವಷ್ಟರಲ್ಲಿ ಎದುರು ಗಾಡಿ ಕಾಣುತ್ತದೆ, ಎಂಜಿನ್‌ನಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ.

ಹೊಸಬರಿಗೆ ಈ ಲೆಕ್ಕ ಬರಲೇಬೇಕು. 650 ಈ ಲೆಕ್ಕವನ್ನು ಕಲಿಸುವುದಿಲ್ಲ, ದಾಟಿಸಿಬಿಡುತ್ತದೆ. ಒಂದು ದಿನ ಆ ಶಕ್ತಿಯೂ ಸಾಲದ ಜಾಗ ಬರುತ್ತದೆ. ಆಗ ಬ್ರೇಕ್ ಹಿಡಿಯುವ ಕೈ ಪಳಗಿರಬೇಕು. ಅದಕ್ಕೇ ನಾನು ಹೇಳುವುದು, ಎರಡು ವರ್ಷ, ಇಪ್ಪತ್ತು ಸಾವಿರ ಕಿಲೋಮೀಟರ್ 350 ಓಡಿಸಿ. ಆಮೇಲೆ ಮಾರಿ 650 ತಗೊಳ್ಳಿ. ಎನ್‌ಫೀಲ್ಡ್ 350ಗಳಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಡಿಕೆ ಚೆನ್ನಾಗಿದೆ, ದುಡ್ಡು ತೀರಾ ಕರಗುವುದಿಲ್ಲ. ಈಗಾಗಲೇ ನಾಲ್ಕೈದು ವರ್ಷ 150–200 ಸಿಸಿ ಬೈಕು ಓಡಿಸಿ, ಇದು ಮೊದಲ ಕ್ರೂಸರ್ ಮಾತ್ರ ಅನ್ನುವವರಾದರೆ ಮಾತು ಬೇರೆ. ತೂಕ ತಳ್ಳಲು ಬಂದರೆ, ಹೈವೇ ಓಡಾಟ ಜಾಸ್ತಿ ಇದ್ದರೆ, 650 ನಿಮಗೆ ಸರಿಯಾದದ್ದೇ.

ದುಡ್ಡಿನ ವಿಷಯ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 350 ದಾಟಿದವಕ್ಕೆ ಶೇ 40 ಆಯಿತು. ಮೊದಲು ಸೆಸ್ ಸೇರಿ ಶೇ 31 ಇತ್ತು. ಮೀಟಿಯರ್ 349 ಸಿಸಿ, ಹೈನೆಸ್ 348 ಸಿಸಿ, ಬಾಬರ್ 334 ಸಿಸಿ. ಇವೆಲ್ಲ ಗೆರೆಯ ಈಚೆ ಉಳಿದವು. 440, 450, 650 ಎಲ್ಲ ಆಚೆ ಹೋದವು. ಹೀಗಾಗಿ ಈಗ ಮೀಟಿಯರ್ 350 ಎಕ್ಸ್‌ಶೋರೂಂ ಎರಡು ಲಕ್ಷದ ಆಸುಪಾಸು, ಸೂಪರ್ ಮೀಟಿಯರ್ ನಾಲ್ಕು ಲಕ್ಷದ ಆಸುಪಾಸು. ಮೊದಲೇ ಇದ್ದ ಅಂತರ ಇನ್ನೂ ದೊಡ್ಡದಾಯಿತು.

ಎಕ್ಸ್‌ಶೋರೂಂ ಬೆಲೆ ನೋಡಿ ಸಾಲದ ಲೆಕ್ಕ ಹಾಕಬೇಡಿ. ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ದುಬಾರಿ, ಅದು ಸೇರಿದ ಮೇಲೆ ಆನ್‌ರೋಡ್ ಬೆಲೆ ಬೇರೆಯೇ ಆಗುತ್ತದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆ ಪ್ರತ್ಯೇಕ, ಅದನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತಿಲ್ಲ. ನನ್ನ ಗಾಡಿ ತಗೊಂಡಾಗ ಬಿಲ್ಲಿನಲ್ಲಿ ನಾನು ಕೇಳದ ಸೀಟ್ ಕವರು, ಟ್ಯಾಂಕ್ ಪ್ಯಾಡು, ಪಾಲಿಶ್ ಎಲ್ಲ ಸೇರಿಸಿದ್ದರು. ಕೂತು ಒಂದೊಂದಾಗಿ ತೆಗೆಸಿದೆ. ನೀವೂ ಬಿಲ್ಲನ್ನು ಸಾಲು ಸಾಲಾಗಿ ಓದಿ, ಬೇಡದ್ದನ್ನು ಬೇಡ ಅನ್ನಿ. ಆ ದುಡ್ಡಿನಲ್ಲಿ ಲೆಗ್ ಗಾರ್ಡ್, ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ ಎರಡು, ಕೈಗವಸು, ಹಿಮ್ಮಡಿ ಮುಚ್ಚುವ ಶೂ ಬರುತ್ತವೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಬಳ್ಳಾರಿಯಲ್ಲಿ ಒಂದು ವಿಶೇಷ ತೊಂದರೆ ಇದೆ. ಆಂಧ್ರ ಪಕ್ಕದಲ್ಲೇ. ಗುಂತಕಲ್ಲು, ಆದೋನಿ, ರಾಯದುರ್ಗ ಕಡೆಯ ಎಪಿ ನಂಬರಿನ ಗಾಡಿಗಳು ಕಮ್ಮಿ ಬೆಲೆಗೆ ಬರುತ್ತವೆ. ಅವನ್ನು ಇಲ್ಲೇ ಇಟ್ಟುಕೊಂಡು ಓಡಿಸುವುದಾದರೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ತರಬೇಕು, ಹನ್ನೆರಡು ತಿಂಗಳೊಳಗೆ ಇಲ್ಲಿ ಮರುನೋಂದಣಿ ಮಾಡಿಸಿ ಕೆಎ 34 ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದರೆ ಅಗ್ಗ ಅನ್ನುವುದು ಎಷ್ಟೋ ಸಲ ಉಳಿಯುವುದಿಲ್ಲ. ನಮ್ಮ ರಾಜ್ಯದ ಗಾಡಿಯಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ. ಇದ್ದರೆ ಸಾಲ ತೀರಿದ ಪತ್ರ, ಫಾರ್ಮ್ 35 ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29, 30.

ಬಿದ್ದ ಗಾಡಿಯನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಬಣ್ಣ ಹೊಡೆಸಿರುತ್ತಾರೆ, ಆದರೆ ಫುಟ್‌ರೆಸ್ಟ್ ತುದಿ, ಕ್ಲಚ್ ಮತ್ತು ಬ್ರೇಕ್ ಲಿವರಿನ ಗುಂಡಿ, ಸೈಲೆನ್ಸರಿನ ಕೆಳಭಾಗ ಉಜ್ಜಿರುತ್ತವೆ. ಅಲ್ಲಿ ಬೆರಳಾಡಿಸಿ. ಸಾಧ್ಯವಾದರೆ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ಆಡಿಸಿ. ನಡುವೆ ಎಲ್ಲಾದರೂ ಕಟ್ ಅಂತ ಹಿಡಿದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ ಅಂತ ಅರ್ಥ.

ಬಿಸಿಲು ಮತ್ತು ಧೂಳು

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ರಾಯಚೂರಿನವರಿಗಂತೂ ಹೇಳುವುದೇ ಬೇಡ. ಮೀಟಿಯರ್, ಹಂಟರ್, ಹೈನೆಸ್ ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗಳು. ಓಡುತ್ತಿರುವಾಗ ತೊಂದರೆ ಇಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ಮೊಣಕಾಲಿಗೆ ಬಿಸಿ ತಟ್ಟುತ್ತದೆ. ಬಾಬರ್‌ನಲ್ಲಿ ರೇಡಿಯೇಟರ್ ಇದೆ. ಎಂಜಿನ್ ತಂಪಾಗಿರುತ್ತದೆ, ಆದರೆ ಫ್ಯಾನ್ ತಿರುಗಿದಾಗ ಬಿಸಿಗಾಳಿ ಕಾಲಿಗೇ ಬರುತ್ತದೆ. ತೆಳು ಪ್ಯಾಂಟಿನಲ್ಲಿ ಯಾವುದೂ ಆರಾಮಲ್ಲ, ದಪ್ಪ ಜೀನ್ಸ್ ಹಾಕಿಕೊಳ್ಳಿ. ಬಳ್ಳಾರಿಯಲ್ಲಿ ಜೀನ್ಸಿಗೆ ಏನು ಬರ? ಬಣ್ಣ ಆರಿಸುವಾಗ ಪೂರ್ತಿ ಕಪ್ಪು ಟ್ಯಾಂಕ್, ಕಪ್ಪು ಸೀಟು ಬೇಡ ಅಂತ ನಾನು ಹೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿನಲ್ಲಿ ನಿಂತ ಗಾಡಿಯ ಮೇಲೆ ಕೂತವರಿಗೆ ಕಾರಣ ಬೇಕಾಗುವುದಿಲ್ಲ.

ಸಂಡೂರು ಕಡೆ ಓಡಾಡುವವರು ಏರ್ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ತೆಗೆಸಿ ನೋಡಿ. ಕೆಂಪು ಧೂಳು ಸಣ್ಣಗೆ ಒಳಗೆ ಕೂತಿರುತ್ತದೆ, ಮೈಲೇಜು ಬಿದ್ದ ಮೇಲೆ ಗೊತ್ತಾಗುತ್ತದೆ. ಈ ಗಾಡಿಗಳಿಗೆಲ್ಲ ಚೈನೇ ಇರುವುದು. ಧೂಳಿನ ಮೇಲೆ ಎಣ್ಣೆ ಸುರಿದರೆ ಅರೆಯುವ ಪೇಸ್ಟ್ ಆಗುತ್ತದೆ, ಮೊದಲು ಒರೆಸಿ ಆಮೇಲೆ ಎಣ್ಣೆ ಹಾಕಿ. ಮಳೆ ಬಂದಾಗ ಎರೆ ಮಣ್ಣಿನ ದಾರಿಗೆ ಯಾವ ಕ್ರೂಸರನ್ನೂ ಇಳಿಸಬೇಡಿ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ.

ಅವಳು ಯಾವುದು ತಗೊಂಡಳು

ಮೀಟಿಯರ್ 350. ಹಂಟರ್ ಓಡಿಸಿ ನೋಡಿದಳು, ಹಗುರ ಅನಿಸಿತು, ಆದರೆ 790ರ ಸೀಟಿನಲ್ಲಿ ಬೆರಳ ತುದಿ ಮಾತ್ರ ಗಟ್ಟಿಯಾಗಿ ಊರುತ್ತಿತ್ತು. ಮೀಟಿಯರ್‌ನಲ್ಲಿ ಪಾದ ಪೂರ್ತಿ ಕೂತಿತು. ಹತ್ತು ಕೆಜಿ ಜಾಸ್ತಿಯಾದರೂ ಅದೇ ಅವಳಿಗೆ ಹಗುರವಾಯಿತು. ತೂಕ ಮತ್ತು ಎತ್ತರ ಎರಡನ್ನೂ ಜೊತೆಗೇ ನೋಡಬೇಕು ಅನ್ನುವುದು ಇದಕ್ಕೇ.

ಗಾಡಿ ಬುಕ್ ಮಾಡುವ ಮೊದಲು ಲೈಸೆನ್ಸ್ ಕೆಲಸ ಇತ್ತು. ಅವಳ ಹತ್ತಿರ ಇದ್ದದ್ದು ಗೇರಿಲ್ಲದ ಗಾಡಿಯ ಲೈಸೆನ್ಸು, ಅದು ಬೈಕಿಗೆ ನಡೆಯುವುದಿಲ್ಲ. ಎಲ್‌ಎಲ್ (ಕಲಿಯುವವರ ಲೈಸೆನ್ಸು) ಮಾಡಿಸಿದಳು. ಅದಾಗಿ ಮೂವತ್ತು ದಿನದ ಮೇಲೆ, ಆರು ತಿಂಗಳೊಳಗೆ ಡ್ರೈವಿಂಗ್ ಪರೀಕ್ಷೆ ಕೊಡಬೇಕು. ಆ ತಿಂಗಳಲ್ಲಿ ನನ್ನ ತಮ್ಮನ ನೂರು ಸಿಸಿ ಗಾಡಿಗೆ ಎಲ್ ಹಚ್ಚಿ, ದಿನಾ ಬೆಳಿಗ್ಗೆ ಆರು ಗಂಟೆಗೆ ಖಾಲಿ ಮೈದಾನದಲ್ಲಿ ಕ್ಲಚ್ ಕಲಿತಳು. ಎಂಟರ ಆಕಾರದಲ್ಲಿ ತಿರುಗಿಸುವುದು, ಕಾಲೂರದೆ ನಡಿಗೆಯ ವೇಗದಲ್ಲಿ ಹೋಗುವುದು, ನಲವತ್ತರಿಂದ ಎರಡೂ ಬ್ರೇಕ್ ಹಿಡಿದು ನೆಟ್ಟಗೆ ನಿಲ್ಲಿಸುವುದು. ಇಷ್ಟು ಬಂದ ಮೇಲೆ ಮೀಟಿಯರ್ ಮನೆಗೆ ಬಂತು.

ಮೊದಲ ಭಾನುವಾರ ಗಾಡಿ ಎತ್ತುವುದನ್ನು ಕಲಿಸಿದೆ. ಅಂಗಳದಲ್ಲಿ ಹಳೇ ಹಾಸಿಗೆ ಹಾಸಿ, ಇಬ್ಬರು ಹಿಡಿದು ಗಾಡಿಯನ್ನು ಬಲಕ್ಕೆ ಮಲಗಿಸಿದೆವು. ಬಲಕ್ಕೆ ಬಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ತೆಗೆದಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆ ಬೀಳುತ್ತದೆ. ಗೇರಿನಲ್ಲಿ ಇಡಬೇಕು, ಉರುಳುವುದಿಲ್ಲ. ಆಮೇಲೆ ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಬೆನ್ನು ಬಗ್ಗಿಸದೆ, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಕಾಲಿನ ಬಲದಲ್ಲಿ ಏಳಬೇಕು. ಮೂರನೇ ಪ್ರಯತ್ನಕ್ಕೆ ಗಾಡಿ ಎದ್ದು ಸ್ಟ್ಯಾಂಡಿನ ಮೇಲೆ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಒಳಗೆ ಹೋಗಿ ಮಜ್ಜಿಗೆ ತಂದಳು. ಮರುದಿನ ಬೆಳಿಗ್ಗೆ ಅವಳೊಬ್ಬಳೇ ಶಾಲೆಗೆ ಹೊರಟಳು. ಹಿಂದೆ ಯಾರನ್ನೂ ಕೂರಿಸಬೇಡ, ಮೊದಲ 500 ಕಿಲೋಮೀಟರ್ ಎಂಜಿನ್ ಎಳೆಯಬೇಡ ಅಂತ ಹೇಳಿ ಕಳಿಸಿದೆ. ಭತ್ತ ಹರಡಿದ ಕಡೆ ಹಿಂದಿನ ಬ್ರೇಕ್ ಮಾತ್ರ ಅಂತಲೂ ಹೇಳಿದೆ.